ಕಂಡೋಲ್ ಮೇಷ್ಟ್ರು

ಆ ಕಾಲಕ್ಕೆ ತುಮಕೂರಿನಲ್ಲಿ ಸ್ವಲ್ಪ ಹೆಸರಿರುವವರು ಯಾರಾದರೂ ತೀರಿಕೊಂಡರೆ ಆಳು ಎರಡು ಕಡೆ ಓಡುತ್ತಿತ್ತು. ಒಂದು ಪುರೋಹಿತರ ಮನೆಗೆ, ಇನ್ನೊಂದು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ವೆಂಕಟರಂಗಯ್ಯನವರ ಮನೆಗೆ. ಸತ್ತವರಿಗೆ ಸ್ವರ್ಗದ ದಾರಿ ತೋರಿಸುವುದು ಪುರೋಹಿತರ ಕೆಲಸ. ಸಂತಾಪ ಸಭೆಯಲ್ಲಿ ಇಂಗ್ಲಿಷಿನ ಠರಾವು ಓದಿ, ಆಮೇಲೆ ಕನ್ನಡದಲ್ಲಿ ಎರಡು ಮಾತಾಡಿ, ಬದುಕಿರುವವರ ಕಣ್ಣಲ್ಲಿ ನೀರು ತರಿಸುವುದು ಮೇಷ್ಟ್ರ ಕೆಲಸ. ಇವರನ್ನು ಕೇಳದೆ ಸಾಯುವ ಧೈರ್ಯ ಈ ಊರಿನ ಯಾವ ದೊಡ್ಡ ಮನುಷ್ಯನಿಗೂ ಇಲ್ಲ ಎಂದು ವಕೀಲರು ತಮಾಷೆ ಮಾಡುತ್ತಿದ್ದರು. ಬೆನ್ನ ಹಿಂದೆ ಜನ ಕರೆಯುತ್ತಿದ್ದದ್ದು ಕಂಡೋಲ್ ಮೇಷ್ಟ್ರು ಎಂದು. ಅದು ಅವರ ಕಿವಿಗೂ ಬಿದ್ದಿತ್ತು. ಕೋಪ ಬರುವುದಿರಲಿ, ಒಳಗೊಳಗೇ ಖುಷಿಯಾಗಿತ್ತು ಅನ್ನಿ.

ಆ ಹೆಸರು ಬಂದದ್ದು ಅವರ ಒಂದು ಮಾತಿನಿಂದ. ಠರಾವಿನ ಕೊನೆಗೆ 'ಕಂಡೋಲ್' ಎಂಬ ಶಬ್ದ ಬರುತ್ತಿತ್ತಲ್ಲ, ಅಲ್ಲಿಗೆ ಬಂದ ಕೂಡಲೇ ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದರು. "ಮಹನೀಯರೇ, ಇಂಗ್ಲಿಷಿನಲ್ಲಿ ದುಃಖಪಡುವುದಕ್ಕೆ ಬೇಕಾದಷ್ಟು ಮಾತುಗಳಿವೆ. 'ಮೋರ್ನ್' ಅನ್ನುವುದನ್ನು ಒಬ್ಬನೇ ಕೂತು ಮಾಡಬಹುದು. 'ಲಮೆಂಟ್' ಅನ್ನುವುದನ್ನು ಬಾಗಿಲು ಹಾಕಿಕೊಂಡು ಮಾಡಬಹುದು. ಆದರೆ ಕಂಡೋಲ್ ಹಾಗಲ್ಲ. ಇದು ಲ್ಯಾಟಿನ್ನಿನಿಂದ ಬಂದದ್ದು. 'ಕಾನ್' ಅಂದರೆ ಜೊತೆಗೆ, 'ಡೊಲೇರೆ' ಅಂದರೆ ನೋಯುವುದು. ಆ ಡೊಲೇರೆಯ ಬೇರು ಹುಡುಕಿಕೊಂಡು ಇನ್ನೂ ಹಿಂದಕ್ಕೆ ಹೋದರೆ ಸೀಳುವುದು, ಕಡಿಯುವುದು ಎಂಬ ಅರ್ಥ ಸಿಕ್ಕೀತೆಂದು ಕೆಲವು ಪಂಡಿತರ ಊಹೆ. ಎದುರಿಗಿರುವವನ ಎದೆ ಸೀಳಿದಾಗ ನನ್ನದೂ ಸೀಳಬೇಕು. ದೂರದಲ್ಲಿ ಕೂತು ಮಾಡುವ ಕೆಲಸವಲ್ಲ ಇದು."

ಇಷ್ಟು ಹೇಳಿ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟುವ ಹಾಗಿಲ್ಲವಲ್ಲ, ಅದರ ಬದಲು ಸಭಾಂಗಣದ ತುಂಬ ಒಂದು ಮೌನ. ಆ ಮೌನದ ರುಚಿ ಹತ್ತಿದವನಿಗೆ ಚಪ್ಪಾಳೆ ಯಾತಕ್ಕೂ ಬೇಡ.

ಮೇಷ್ಟ್ರು ಮೂಲತಃ ಗುಬ್ಬಿ ತಾಲ್ಲೂಕು ಸಿ.ಎಸ್. ಪುರದ ಕಡೆಯವರು. ಚಿಕ್ಕಂದಿನಲ್ಲೇ ತಂದೆತಾಯಿ ಹೋಗಿ, ಸಾಕಿ ಬೆಳೆಸಿದವರು ಅಕ್ಕ ಚಿಕ್ಕಗಂಗಮ್ಮ ಮತ್ತು ಭಾವ ಚಿಕ್ಕಬೋರಯ್ಯ. ನಿಟ್ಟೂರಿನ ಹತ್ತಿರ, ರೈಲ್ವೆ ಲೈನಿಗೆ ಆತುಕೊಂಡಿರುವ ಸಣ್ಣ ಊರು ಅವರದು. ಒಂದಿಷ್ಟು ತೆಂಗಿನ ತೋಟ, ರಾಗಿ ಹೊಲ. ಮಕ್ಕಳಿರಲಿಲ್ಲ. ಇವರೇ ಮಗ. ಹಾಸ್ಟೆಲಿನಲ್ಲಿ ಓದುವಾಗ ಭಾವ ತಿಂಗಳು ತಿಂಗಳಿಗೆ ರಾಗಿ ಹಿಟ್ಟಿನ ಮೂಟೆ ತಲೆ ಮೇಲೆ ಹೊತ್ತುಕೊಂಡು ರೈಲಿಳಿಯುತ್ತಿದ್ದರು. ಹೊತ್ತ ಮೂಟೆಯ ಹಿಟ್ಟು ಬೆವರಿಗೆ ಹತ್ತಿಕೊಂಡು ಕಿವಿಯ ಹಿಂದೆಲ್ಲ ಬೂದಿ ಬಳಿದ ಹಾಗಿರುತ್ತಿತ್ತು. ಅದನ್ನು ನೋಡಿ ಹಾಸ್ಟೆಲಿನ ಹುಡುಗರು ನಗುತ್ತಿದ್ದರು. ವೆಂಕಟರಂಗಯ್ಯನವರಿಗೆ ಆವಾಗಿನಿಂದಲೇ ಭಾವನನ್ನು ಕಂಡರೆ ಪ್ರೀತಿಯೂ ಹೌದು, ನಾಲ್ಕು ಜನರ ಎದುರಿಗೆ ಕಂಡರೆ ಮುಜುಗರವೂ ಹೌದು.

ಗುಬ್ಬಿಯಲ್ಲಿ ಒಂದು ಸಲ ಹೀಗಾಯಿತು. ಅಲ್ಲಿನ ದೊಡ್ಡ ವ್ಯಾಪಾರಸ್ಥರೊಬ್ಬರು ತೀರಿಕೊಂಡು, ಮೇಷ್ಟ್ರ ಭಾಷಣ ಇಟ್ಟಿದ್ದರು. ಭಾವನಿಗೆ ಯಾರು ಹೇಳಿದರೋ, ಸಂತೆಗೆ ಬಂದವರು ಹಾಗೇ ಬಂದು ಹಿಂದಿನ ಗೋಡೆಗೆ ಒರಗಿ ನಿಂತು ಕೇಳಿದರು. ಸಭೆ ಮುಗಿದ ಮೇಲೆ, ಮಣ್ಣು ಮೆತ್ತಿದ ಬರಿಗಾಲಲ್ಲಿ, ತಲೆಗೆ ಟವಲು ಸುತ್ತಿಕೊಂಡು ಸೀದಾ ವೇದಿಕೆಯ ಹತ್ತಿರ ಬಂದರು.

"ರಂಗಪ್ಪ, ಅದೇನಪ್ಪ ಆ ಮಾತು? ಇನ್ನೊಂದು ಕಿತ ಹೇಳು. ನಿಮ್ಮಕ್ಕಂಗೆ ಹೇಳ್ಬೇಕು."

ಪಕ್ಕದಲ್ಲೇ ವಕೀಲ ಸೀತಾರಾಮಯ್ಯನವರಿದ್ದರು. ತುಮಕೂರಿನ ವಿದ್ಯಾಭಿಮಾನಿ ಸಂಘದ ಕಾರ್ಯದರ್ಶಿ. ಮೇಷ್ಟ್ರನ್ನು ಕಾರಿನಲ್ಲಿ ಕರೆದುಕೊಂಡು ಬಂದಿದ್ದವರು ಅವರೇ. ಹುಬ್ಬು ಮೇಲೇರಿಸಿ, "ಯಾರ್ರೀ ಇವರು?" ಎಂದರು.

"ನಮ್ಮೂರ ಕಡೆಯವರು" ಅಂದುಬಿಟ್ಟರು ಮೇಷ್ಟ್ರು.

ಒಂದೇ ಒಂದು ಮಾತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಕಿವಿ ಬಿಸಿಯಾಯಿತು. ಭಾವ ಸೀತಾರಾಮಯ್ಯನವರಿಗೆ ಕೈಮುಗಿದು, "ಹೌದು ಸ್ವಾಮಿ, ಈ ಕಡೆಯೋರೇ" ಎಂದು ತಾವೇ ಒತ್ತಿ ಹೇಳಿ, ಕಂಡೋಲ್ ಮಾತನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡು ಹೊರಟುಹೋದರು. ಆ ಸುಳ್ಳಿಗೆ ಭಾವನೇ ಹೆಗಲು ಕೊಟ್ಟದ್ದು ಮೇಷ್ಟ್ರಿಗೆ ಹಲ್ಲಿನ ಸಂದಿಯ ನಾರಿನ ಹಾಗೆ ಬಹಳ ದಿನ ಕಾಡಿತು. ಊರಿಗೆ ಹೋದಾಗ ಮಾತೆತ್ತಬೇಕು ಎಂದುಕೊಂಡರು. ಎತ್ತಲಿಲ್ಲ. ಹೋಗುವುದೇ ಕಡಿಮೆಯಾಯಿತು.

ಅರವತ್ತನೇ ಇಸವಿಯ ಮಾಘದಲ್ಲಿ ಭಾವ ತೋಟದಲ್ಲಿ ಕುಸಿದು ಬಿದ್ದವರು ಏಳಲಿಲ್ಲ. ಮೇಷ್ಟ್ರು ಮಣ್ಣಿಗೆ ಹೋಗಿದ್ದರು. ಊರಿಗೆ ಊರೇ ಅಳುತ್ತಿದ್ದಾಗ ಇವರು ಮರದ ಕೆಳಗೆ ಕೈಕಟ್ಟಿಕೊಂಡು ನಿಂತಿದ್ದರು. ಊರವರ ಕಣ್ಣಲ್ಲೆಲ್ಲ ನೀರು ತರಿಸುವ ಮನುಷ್ಯನಿಗೆ ಅಕ್ಕನ ಎದುರು ಒಂದು ಮಾತೂ ಹುಟ್ಟಲಿಲ್ಲ. ಸಂಜೆ ಗಾಡಿಗೆ ಹೊರಡುವಾಗ ಮಾತ್ರ, "ಹನ್ನೊಂದರ ದಿನ ಬರ್ತೀನಿ ಅಕ್ಕ, ಸೀರೆ ತರ್ತೀನಿ" ಎಂದರು.

ಸೀರೆ ಅಂದರೆ ಸುಮ್ಮನೆ ಅಲ್ಲ. ಅವರ ಕಡೆ ಪದ್ಧತಿ ಅದು. ಗಂಡ ಸತ್ತ ಹೆಂಗಸನ್ನು ಮೂಲೆಯಲ್ಲಿ ಕೂರಿಸಿರುತ್ತಾರೆ. ಹನ್ನೊಂದನೇ ದಿನ ತವರಿನ ಗಂಡುಮಗ ಹೊಸ ಸೀರೆ ತಂದು ತನ್ನ ಕೈಯಾರೆ ಹೆಗಲಿಗೆ ಹೊದಿಸಿ ಎಬ್ಬಿಸಬೇಕು. ಅವಳು ಎದ್ದು ಬಂದ ಮೇಲೆಯೇ ಸತ್ತವರಿಗೆ ಎಡೆ ಇಡುವುದು. ಎಡೆ ಆಗದೆ ಆ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುವಂತಿಲ್ಲ. ಚಿಕ್ಕಗಂಗಮ್ಮನಿಗೆ ತವರು ಅಂತ ಇದ್ದದ್ದು ಈ ತಮ್ಮ ಒಬ್ಬನೇ.

ಹನ್ನೊಂದರ ದಿನ ಭಾನುವಾರ ಬಿತ್ತು. ಮೇಷ್ಟ್ರು ಬೆಳಗ್ಗೆಯೇ ಸ್ನಾನ ಮಾಡಿ, ಕಂದು ಅಂಚಿನ ಸೀರೆಯನ್ನು ಕೈಚೀಲಕ್ಕೆ ಹಾಕಿ, ಹೆಂಡತಿ ಲಕ್ಷ್ಮೀದೇವಮ್ಮನ ಜೊತೆ ಬೆಳಗಿನ ಪ್ಯಾಸೆಂಜರಿಗೆ ಹೊರಟು ಹೊಸಲು ದಾಟಿದ್ದರು. ಅಷ್ಟರಲ್ಲಿ ಸೀತಾರಾಮಯ್ಯನವರ ಕಾರು ಬಂತು.

"ಏನ್ರೀ, ಎಲ್ಲಿಗೆ ಹೊರಟ್ರಿ? ಕುಣಿಗಲ್ಲಿನ ಅನಂತರಾಮಯ್ಯನವರು ಹೋಗಿಬಿಟ್ರಲ್ಲ ಮೊನ್ನೆ. ಹತ್ತು ಗಂಟೆಗೆ ನಮ್ಮ ಸಂಘದಲ್ಲಿ ಸಭೆ. ಬೆಂಗಳೂರಿಂದ ವಿದ್ಯಾ ಇಲಾಖೆ ಡೈರೆಕ್ಟರ್ ಸಾಹೇಬರೇ ಬರ್ತಿದಾರೆ, ಅನಂತರಾಮಯ್ಯನವರ ಅಳಿಯ ಕಣ್ರೀ! ನಿಮ್ಮ ಹೆಡ್‌ಮಾಸ್ಟರ್ ಗಿರಿ ಫೈಲು ಯಾರ ಮೇಜಿನ ಮೇಲಿದೆ ಅನ್ಕೊಂಡಿದೀರಿ?"

ಮೇಷ್ಟ್ರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಊರಲ್ಲಿ ಒಂದು ಕಾರ್ಯ ಇತ್ತು..."

"ಮಧ್ಯಾಹ್ನದ ಗಾಡಿ ಇದೆಯಲ್ಲ! ಹನ್ನೊಂದೂವರೆಗೆಲ್ಲ ನಿಮ್ಮನ್ನ ಬಿಟ್ಟುಬಿಡ್ತೀನಿ. ಯಾರ ಕಾರ್ಯ?"

ನೋಡಿ, ದೇವರು ಎರಡನೇ ಸಲ ಅದೇ ಪ್ರಶ್ನೆ ಕೇಳಿಸಿದ. ಮೇಷ್ಟ್ರು ಎರಡನೇ ಸಲವೂ ಅದೇ ಉತ್ತರ ಕೊಟ್ಟರು. "ನಮ್ಮೂರ ಕಡೆಯವರದು."

ಲಕ್ಷ್ಮೀದೇವಮ್ಮ ಗಂಡನ ಮುಖವನ್ನೇ ನೋಡುತ್ತ ನಿಂತರು. ಸೀತಾರಾಮಯ್ಯ ಕಾರಿನಲ್ಲಿ ಕೂತ ಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮಕ್ಕ ಅಲ್ಲಿ ಉಪವಾಸ ಕೂತಿರ್ತಾರೆ ಕಣ್ರೀ. ಏನ್ ಮನುಷ್ಯರು ನೀವು?" ಎಂದರು.

"ನೀನು ಮುಂದೆ ಹೋಗಿರು. ಮಧ್ಯಾಹ್ನ ಎರಡು ಗಂಟೆಯೊಳಗೆ ನಾನು ಅಲ್ಲಿರ್ತೀನಿ."

"ಸೀರೆನಾದ್ರೂ ಕೊಡಿ."

"ಸೀರೆ ನನ್ನ ಹತ್ರಾನೇ ಇರ್ಲಿ. ನಾನೇ ತಾನೆ ಹೊದಿಸಬೇಕಾದ್ದು?"

ಚೀಲ ಕೈಯಲ್ಲಿದ್ದರೆ ತಾನು ಹೋದ ಹಾಗೇ ಲೆಕ್ಕ ಎಂದು ಅವರಿಗೆ ಅನ್ನಿಸಿತೋ ಏನೋ. ಮನಸ್ಸು ತನಗೆ ಬೇಕಾದ ಹಾಗೆ ಸಮಾಧಾನ ಹೊಲಿದುಕೊಳ್ಳುತ್ತದೆ. ಅಂತೂ ಲಕ್ಷ್ಮೀದೇವಮ್ಮ ಬರಿಗೈಯಲ್ಲಿ ಸ್ಟೇಷನ್ನಿಗೆ ಹೋದರು, ಸೀರೆ ಕಾರಿನಲ್ಲಿ ಸಂಘಕ್ಕೆ ಹೋಯಿತು.

ಹತ್ತು ಗಂಟೆಯ ಸಭೆ ಹತ್ತಕ್ಕೆ ಶುರುವಾದ ದಾಖಲೆ ಉಂಟೇ? ಡೈರೆಕ್ಟರ್ ಸಾಹೇಬರ ಕಾರು ಬಂದದ್ದೇ ಹನ್ನೆರಡರ ಮೇಲೆ. ಮೇಷ್ಟ್ರು ವೇದಿಕೆಯ ಮೇಲೆ, ಕುರ್ಚಿಯ ಕೆಳಗೆ ಚೀಲ ಇಟ್ಟುಕೊಂಡು ಕೂತಿದ್ದರು. ಒಂದೊಂದು ಸಲ ಕಾಲಿಗೆ ಚೀಲ ತಾಗಿದಾಗಲೂ ಬಾಗಿಲ ಕಡೆ ನೋಡುತ್ತಿದ್ದರು. ಎದ್ದು ಹೋಗಿಬಿಡಲೇ ಎಂದುಕೊಂಡರು. ಎಲ್ಲರೂ ನೋಡುತ್ತಿದ್ದಾರೆ, ಹೇಗೆ ಏಳುವುದು? ಕುಣಿಗಲ್ಲಿನ ಆ ಅನಂತರಾಮಯ್ಯನವರನ್ನು ಅವರು ಜೀವಮಾನದಲ್ಲಿ ಕಣ್ಣಾರೆ ಕಂಡವರೂ ಅಲ್ಲ.

ಅವರ ಸರದಿ ಬಂದಾಗ ಮಾತ್ರ ಎಲ್ಲ ಮರೆತುಹೋಯಿತು. ನಾಲಿಗೆಗೆ ತನ್ನ ದಾರಿ ಗೊತ್ತಿತ್ತು. ಮೋರ್ನ್ ಬಂತು, ಲಮೆಂಟ್ ಬಂತು, ಕನ್ನಡಕ ಕೈಗೆ ಬಂತು. "ದೂರದಲ್ಲಿ ಕೂತು ಮಾಡುವ ಕೆಲಸವಲ್ಲ ಇದು" ಎಂದು ಹೇಳುವಾಗ ಕಾಲು ಚೀಲಕ್ಕೆ ತಗುಲಿತು. ಮೇಷ್ಟ್ರು ಅರೆಕ್ಷಣ ತಡೆದರು. ಜನ ಅದನ್ನು ಗದ್ಗದ ಎಂದುಕೊಂಡರು. ಡೈರೆಕ್ಟರ್ ಸಾಹೇಬರು ಕರವಸ್ತ್ರ ತೆಗೆದರು. ಅಂಥ ಮೌನ ಮೇಷ್ಟ್ರಿಗೂ ಅದುವರೆಗೆ ಸಿಕ್ಕಿರಲಿಲ್ಲ.

ಮುಗಿದ ಮೇಲೆ ಸಾಹೇಬರು ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದರು. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ತುಪ್ಪದ ಉಪ್ಪಿಟ್ಟನ್ನು ತಿನ್ನುತ್ತಿರುವಾಗಲೇ ಸ್ಟೇಷನ್ನಿನ ಕಡೆಯಿಂದ ಮಧ್ಯಾಹ್ನದ ಗಾಡಿಯ ಕೂಗು ಕೇಳಿಸಿತು. ಬಾಯಲ್ಲಿದ್ದ ತುತ್ತು ಬಾಯಲ್ಲೇ ನಿಂತಿತು. ಆದರೂ ನುಂಗಿದರು.

ಆಮೇಲೆ ಬಸ್ ಸ್ಟ್ಯಾಂಡಿಗೆ ಓಡಿದ್ದು, ಗುಬ್ಬಿಯವರೆಗೆ ಒಂದು ಬಸ್ಸು, ಅಲ್ಲಿಂದ ಮುಂದೆ ಬಸ್ಸಿಲ್ಲದೆ ಒಂದಿಷ್ಟು ದೂರ ಹುಲ್ಲಿನ ಗಾಡಿ, ಮಿಕ್ಕದ್ದು ಕಾಲ್ನಡಿಗೆ. ನಡೆಯುತ್ತ ನಡೆಯುತ್ತ ಒಂದು ಸುಳ್ಳು ತಯಾರು ಮಾಡಿಕೊಂಡರು. ಊರು ಮುಟ್ಟಿದಾಗ ಹೊತ್ತು ಮುಳುಗಿ ದೀಪ ಹಚ್ಚುತ್ತಿದ್ದರು.

ಭಾವನ ಮನೆಯ ಮುಂದೆ ಚಪ್ಪರದಡಿ ನೆಂಟರಿಷ್ಟರು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ಎಲೆಗಳು ಕಟ್ಟಿದ ಹಾಗೇ ಒಂದು ಮೂಲೆಯಲ್ಲಿದ್ದವು. ಒಲೆಯ ಮೇಲಿನ ಸಾರು ಆರಿ ತಣ್ಣಗಾಗಿತ್ತು. ಹಸಿದು ಅತ್ತ ಕೂಸುಗಳು ತಾಯಂದಿರ ಮಡಿಲಲ್ಲೇ ನಿದ್ದೆಹೋಗಿದ್ದವು. ಭಾವನ ತಮ್ಮ ಅಂಜನಪ್ಪ, ಅಣ್ಣನ ಕಾರ್ಯಕ್ಕೆ ಕೂತು ತಲೆ ಬೋಳಿಸಿಕೊಂಡು ಬೆಳಗಿನಿಂದ ಒಣಗಿದ್ದವನು, ಇವರನ್ನು ಕಂಡವನೇ ಎದ್ದುನಿಂತ.

"ಬಂದ್ರಾ ಮೇಷ್ಟ್ರೇ? ಇಷ್ಟು ಬೇಗ ಯಾಕ್ ಬಂದ್ರಿ, ನಾಳಿಕ್ಕೆ ಬಂದಿದ್ರೆ ಆಗ್ತಿರ್ಲಿಲ್ವಾ? ಅತ್ತಿಗೆ ಒಂದು ತೊಟ್ಟು ನೀರು ಕುಡ್ದಿಲ್ಲ. ನಿಟ್ಟೂರಿಂದ ಒಂದ್ ಸೀರೆ ತರ್ತೀನಿ, ಯಾರ ಕೈಲಾದ್ರೂ ಹೊದಿಸ್ಕೊಂಡು ಎದ್ದೇಳಮ್ಮ ಅಂದ್ರೆ ಕೇಳಲಿಲ್ಲ. ಎಲ್ಲಿಗೋಗಿದ್ರಿ?"

"ರೈಲು ಕೆಟ್ಟು ನಿಂತುಬಿಡ್ತು, ಅಂಜನಪ್ಪ. ಅರ್ಧ ದಾರೀಲಿ" ಎಂದರು ಮೇಷ್ಟ್ರು.

ಅಯ್ಯೋ, ಎಂಥ ಸುಳ್ಳು ಹೇಳಿದರು, ಅದೂ ಎಂಥ ಊರಿನಲ್ಲಿ! ರೈಲ್ವೆ ಲೈನಿನ ಪಕ್ಕದಲ್ಲಿ ಹುಟ್ಟಿ ರೈಲು ನೋಡಿಯೇ ಹೊತ್ತು ಹೇಳುವ ಜನ. ಮಧ್ಯಾಹ್ನದ ಗಾಡಿಗೇ ಹಟ್ಟಿಯ ಎಮ್ಮೆ ನೀರಿಗೆ ಬಿಡುತ್ತಿದ್ದರು. ಅವತ್ತಂತೂ ಬೆಳಗಿನಿಂದ ಆ ಲೈನನ್ನೇ ಎಲ್ಲರೂ ಕಾದಿದ್ದರು. ಗಾಡಿ ಹೊತ್ತಿಗೆ ಸರಿಯಾಗಿ ಬಂತು, ಕೂಗಿತು, ಮುಂದಕ್ಕೆ ಹೋಯಿತು. ಹುಡುಗರು ಸ್ಟೇಷನ್ನಿಗೆ ಓಡಿ ಮೇಷ್ಟ್ರು ಇಳಿದಿಲ್ಲ ಎಂದು ನೋಡಿಕೊಂಡೂ ಬಂದಿದ್ದರು. ಇದೆಲ್ಲ ಮೇಷ್ಟ್ರಿಗೆ ಹೊಳೆದದ್ದು ಮಾತು ಬಾಯಿಂದ ಬಿದ್ದ ಮೇಲೆ. ಮಧ್ಯಾಹ್ನದ ಗಾಡಿಗೆ ಬರ್ತಾರೆ ಎಂದಷ್ಟೇ ಬೆಳಗ್ಗೆ ಹೇಳಿದ್ದ ಲಕ್ಷ್ಮೀದೇವಮ್ಮ, ಬಾಗಿಲಲ್ಲಿ ನಿಂತಿದ್ದವರು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಂಜನಪ್ಪ ನೆಲಕ್ಕೆ ಉಗಿದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಮೇಷ್ಟ್ರಿಗೆ.

ಆಗ ನಡುಮನೆಯ ಮೂಲೆಯಿಂದ ಚಿಕ್ಕಗಂಗಮ್ಮನ ದನಿ ಬಂತು. ಬಾಯಿ ಒಣಗಿ ದನಿ ಗೊಗ್ಗರಾಗಿತ್ತು.

"ಕೆಟ್ಟಿರ್ತದೆ ಬುಡಪ್ಪ ಅಂಜನಪ್ಪ. ಕಬ್ಬಿಣದ ಸಾಮಾನು, ಕೆಡದೆ ಇದ್ದಾತಾ? ನಮ್ ಹುಡುಗ ಬಂದವ್ನಲ್ಲ. ಒಳಕ್ಕೆ ಕಳಿಸು."

ಮೇಷ್ಟ್ರು ತಲೆ ತಗ್ಗಿಸಿ ಒಳಗೆ ಹೋದರು. ಅಕ್ಕ ಮಾಸಿದ ಸೀರೆಯಲ್ಲಿ, ಗೋಡೆಗೆ ಒರಗಿ, ಬರಿ ಕೈ ಬರಿ ಹಣೆಯಲ್ಲಿ ಕೂತಿದ್ದರು. ಎದುರಿಗೆ ಮಣೆಯ ಮೇಲೆ ಭಾವನ ಟವಲು ಮಡಿಸಿಟ್ಟು ದೀಪ ಹಚ್ಚಿದ್ದರು. ಗುಬ್ಬಿಯ ಸಭೆಗೆ ಸುತ್ತಿಕೊಂಡು ಬಂದಿದ್ದ ಅದೇ ಟವಲು. ಮೇಷ್ಟ್ರು ಚೀಲದಿಂದ ಸೀರೆ ತೆಗೆದು ಅಕ್ಕನ ಹೆಗಲಿಗೆ ಹೊದಿಸಿದರು. ಹೊದಿಸುವಾಗ ತಮ್ಮದೇ ಬೆರಳಿನ ತುಪ್ಪದ ವಾಸನೆ ತಮ್ಮ ಮೂಗಿಗೇ ಬಡಿಯಿತು. ಅಕ್ಕನ ಮೂಗಿಗೂ ಬಡಿದಿರಬೇಕು. ಬೆಳಗಿನಿಂದ ಹಸಿದವರ ಮೂಗು.

ಅಕ್ಕ ಆ ಕೈಯನ್ನೇ ಹಿಡಿದುಕೊಂಡು ಎದ್ದರು. "ಏನಾರ ತಿಂದ್ಯಾ ಮಗ? ತಿಂದಿದ್ರೆ ಒಳ್ಳೇದಾಯ್ತು. ಹಸಿವು ತಡಿಯಲ್ಲ ನೀನು, ಚಿಕ್ಕೋನಿದ್ದಾಗ್ಲಿಂದ್ಲೂ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು ಮೇಷ್ಟ್ರು.

ಅಕ್ಕ ಅವರನ್ನು ಕೈ ಹಿಡಿದೇ ಚಪ್ಪರಕ್ಕೆ ಕರೆತಂದು ನೆಂಟರ ಮುಂದೆ ನಿಲ್ಲಿಸಿದರು. "ಬೆಳಿಗ್ಗೆಯಿಂದ ನಿಮ್ಮನ್ನೆಲ್ಲ ಉಪಾಸ ಕೆಡವಿದೆ, ತಪ್ಪು ತಿಳ್ಕೋಬೇಡಿ. ಇವನು ಬಂದೇ ಬರ್ತಾನೆ ಅಂತ ನಂಗೆ ಗೊತ್ತಿತ್ತು. ಇವನ ಇಂಗ್ಲೀಸ್‌ನಲ್ಲಿ ಒಂದು ಮಾತಿದೆ, ಕಂಡೋಲು ಅಂತ. ಜೊತೇಲಿ ನೋಯೋದು ಅಂತ ಅರ್ಥವಂತೆ. ದೂರ ಕೂತ್ಕೊಂಡು ಆಗಲ್ವಂತೆ. ಇವನ ಭಾವ ಗುಬ್ಬೀಲಿ ಕೇಳ್ಕೊಂಡು ಬಂದು ನಂಗೆ ಹೇಳಿದ್ದು. ಕಾಯಿ ಒಡೀತಾ ಒಡೀತಾ, 'ನೋಡು ಗಂಗಿ, ಹಿಂಗೆ, ಒಂದೇ ಏಟಿಗೆ ಎರಡೂ ಹೋಳು' ಅಂತ ತೋರ್ಸೋರು. ಅಂಥ ಮಾತು ತಿಳ್ದೋನು ಬರದೆ ಇರ್ತಾನಾ?"

ಮೇಷ್ಟ್ರು ಕೈ ಬಿಡಿಸಿಕೊಳ್ಳಲು ನೋಡಿದರು. ಅಕ್ಕನ ಹಿಡಿತ ಬಿಗಿಯಾಗಿತ್ತು.

"ಅವತ್ತು ಎಷ್ಟು ಹಿಗ್ಗಿಕೊಂಡು ಬಂದ್ರು ಅಂತೀರಿ! 'ದೊಡ್ಡ ದೊಡ್ಡ ಲಾಯರಿಗಳ ಮುಂದೆ ನನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಇವರು ನಮ್ಮ ಭಾವ, ನನ್ನ ಓದಿಸಿದೋರು ಅಂತ ಎಲ್ರಿಗೂ ತೋರಿಸಿದ ಕಣೇ ನಮ್ ರಂಗಪ್ಪ' ಅಂದ್ರು. ಸಾಯೋತಂಕ ಅದನ್ನೇ ಹೇಳೋರು. ಬಂದೋರ ಮುಂದೆಲ್ಲ ಹೇಳೋರು."

"ಹೌದೌದು, ನಂಗೂ ಹೇಳಿದ್ದ ಬೋರಣ್ಣ" ಎಂದರು ಚಪ್ಪರದಲ್ಲಿ ಕೂತಿದ್ದ ಮುದುಕರೊಬ್ಬರು.

ಗೋಡೆಗೆ ಒರಗಿ ನಿಂತು ಕೇಳಿದ್ದ ಮನುಷ್ಯ, ಈ ಕಡೆಯೋರೇ ಎಂದು ಕೈಮುಗಿದು ಹೊರಟುಹೋದ ಮನುಷ್ಯ, ಮನೆಗೆ ಬಂದು ಹೆಂಡತಿಗೆ ಹೀಗೆ ಹೇಳಿದ್ದರು. ಅಕ್ಕನಿಗೆ ತಮ್ಮನ ಮೇಲೆ ಬೇಸರವಾಗದಿರಲಿ ಅಂತಲೋ, ತಾವು ಕೇಳಬೇಕೆಂದಿದ್ದ ಮಾತನ್ನು ತಾವೇ ಹೇಳಿಕೊಂಡರೋ, ಇನ್ನು ಕೇಳುವುದಕ್ಕೆ ಅವರಿಲ್ಲ. ಅವರು ಇದ್ದಷ್ಟು ದಿನವೂ ಇವರು ಆ ಮಾತು ಹೇಳಬಹುದಿತ್ತು. ಇವತ್ತು ಬೆಳಗ್ಗೆಯೂ ಹೇಳಬಹುದಿತ್ತು.

"ಒಂದ್ ಆಸೆ ಇತ್ತು ಅವರಿಗೆ" ಅಂದರು ಅಕ್ಕ. "ನಾನು ಸತ್ರೆ ನಿನ್ನ ತಮ್ಮ ದೊಡ್ಡ ಮನುಷ್ಯರಿಗೆ ಹೇಳಿದಂಗೆ ನಂಗೂ ಎರಡು ಮಾತು ಹೇಳ್ಲಿ ಅಂತ ನಗಾಡೋರು. ಹೇಳಪ್ಪ ರಂಗ. ಆಮೇಲೆ ಎಡೆ ಇಡಾಣ."

ಜನ ಸರಿದು ನೆಟ್ಟಗೆ ಕೂತರು. ಅಂಜನಪ್ಪನೂ ಕೂತ. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅಭ್ಯಾಸಬಲದಿಂದ ಅವರ ಕೈ ಕನ್ನಡಕಕ್ಕೆ ಹೋಯಿತು. ಮೋರ್ನ್, ಲಮೆಂಟ್, ಎಲ್ಲವೂ ನಾಲಿಗೆಯ ತುದಿಯಲ್ಲೇ ಇದ್ದವು, ಮಧ್ಯಾಹ್ನ ಬಳಸಿದ ಬಿಸಿ ಇನ್ನೂ ಆರಿರಲಿಲ್ಲ. ಉಪ್ಪಿಟ್ಟಿನ ಜೊತೆಗೆ ಅವೂ ಗಂಟಲಿಗೆ ಬಂದ ಹಾಗಾಗಿ ಮೇಷ್ಟ್ರಿಗೆ ಹೇಸಿಗೆಯಾಯಿತು. ಕೈ ಇಳಿಸಿದರು. ಒಳಗೆ ದೀಪದ ಮುಂದೆ ಮಡಿಸಿಟ್ಟಿದ್ದ ಟವಲಿನ ಕಡೆಗೆ ಕೈ ತೋರಿಸಿದರು.

"ಇವರು ನಮ್ಮ ಭಾವ" ಎಂದರು.

ಜನ ಕಾದರು.

"ಇವರು ನಮ್ಮ ಭಾವ."

"ಅದು ಊರಿಗೇ ಗೊತ್ತಲ್ಲ ಮೇಷ್ಟ್ರೇ. ಮುಂದಕ್ಕೇಳಿ" ಎಂದ ಅಂಜನಪ್ಪ.

ಮೇಷ್ಟ್ರು ಇನ್ನೊಂದು ಸಲ ಅದನ್ನೇ ಹೇಳಲು ಹೋದರು, ಅರ್ಧಕ್ಕೆ ದನಿ ಒಡೆಯಿತು. ಸಭೆಯ ಗದ್ಗದವಲ್ಲ ಅದು, ಬಾಯಿ ಸೊಟ್ಟ ತಿರುಗಿ ಮೂಗು ಸೋರುವ ಅಳು. ಚಪ್ಪರದ ಕಂಬ ಹಿಡಿದು ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಹನ್ನೊಂದು ದಿನ ಅತ್ತು ಅತ್ತು ಕಣ್ಣು ಬತ್ತಿಸಿಕೊಂಡಿದ್ದ ಚಿಕ್ಕಗಂಗಮ್ಮ ಪಕ್ಕದಲ್ಲಿ ಕೂತು, ತಮ್ಮನ ತಲೆಯನ್ನು ಹೊಸ ಸೀರೆಯ ಸೆರಗಿನೊಳಕ್ಕೆ ಎಳೆದುಕೊಂಡು ಮತ್ತೆ ಹೊಸದಾಗಿ ಅಳತೊಡಗಿದರು.

"ಅಕ್ಕ, ಗುಬ್ಬೀಲಿ ನಾನು..." ಎಂದರು ಮೇಷ್ಟ್ರು ಸೆರಗಿನೊಳಗಿಂದ.

"ಬೇಡ ಬುಡು ಮಗ" ಎಂದರು ಅಕ್ಕ, ಬೇರೆ ಯಾರಿಗೂ ಕೇಳಿಸದ ಹಾಗೆ. "ನಿಮ್ಮ ಭಾವಂಗೆ ಸುಳ್ಳು ಹೇಳಕ್ಕೆ ಬರ್ತಿರ್ಲಿಲ್ಲ. ನಿನ್ನಂಗೇನೇ."